ಲೈನ್ ಹೋದಾಗಲೂ ಲಾಗಿನ್ ಆಗಬೇಕು

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಇವತ್ತು ಬರೆದೇ ಬಿಡುತ್ತೇನೆ. ನಿನ್ನೆ ಮತ್ತೊಬ್ಬರು ಅದೇ ಪ್ರಶ್ನೆ ಕೇಳಿದರು: "ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್ ಬಿಟ್ಟು ಈ ಫ್ರೀ ಸಿಗೋದನ್ನ ಯಾಕೆ ಹಾಕ್ತೀರಿ ಮಾರಾಯ್ರೆ?"

ಶಿರಸಿ ಹತ್ತಿರದ ಒಂದು ಸಹಕಾರಿ ಸಂಘದ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ. ದೇವಿಮನೆ ಘಾಟಿಯಲ್ಲಿ ಮರ ಬಿದ್ದಿತ್ತು, ನೆಟ್ ಹೋಗಿ ಎರಡು ದಿನ ಆಗಿತ್ತು, ಕರೆಂಟು ಬರೋದು ಹೋಗೋದು ಬರೋದು ಹೋಗೋದು, ಕೊನೆಗೆ ಯುಪಿಎಸ್ ಕೂಡ ಖಾಲಿಯಾಗಿ ರಾತ್ರಿ ಸರ್ವರ್ ಆಫ್ ಆಗಿತ್ತು. ಬೆಳಿಗ್ಗೆ ಕರೆಂಟು ಬಂತು. ಆದರೆ ಒಬ್ಬರಿಗೂ ಲಾಗಿನ್ ಆಗಲಿಲ್ಲ. ಟೆಂಡರಿಗೆ ಅಡಿಕೆ ಹಾಕಿದವರು ಹೊರಗೆ ಕಾಯುತ್ತಿದ್ದಾರೆ, ಒಳಗೆ ಎಲ್ಲ ಪರದೆಯಲ್ಲೂ ಪಾಸ್‌ವರ್ಡ್ ತಪ್ಪು ಅನ್ನೋ ಥರದ ಸಂದೇಶ.

ಅಲ್ಲಿ ಲಾಗಿನ್ ನೋಡಿಕೊಳ್ಳುವುದು ಸಾಂಬಾ ಅನ್ನೋ ಫ್ರೀ ಸಾಫ್ಟ್‌ವೇರ್, ಅದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಯಾರು ಯಾರು ಇದ್ದಾರೆ, ಅವರ ಪಾಸ್‌ವರ್ಡ್ ಏನು, ಯಾರು ಯಾವ ಗುಂಪಿನವರು ಅನ್ನೋದನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವುದಕ್ಕೆ ಡೈರೆಕ್ಟರಿ ಅಂತ ಹೆಸರು, ಸಂಘದ ಸದಸ್ಯರ ರಿಜಿಸ್ಟರ್ ಇದ್ದ ಹಾಗೆ. ನಮ್ಮಲ್ಲಿ ಅದನ್ನು ಇಟ್ಟುಕೊಂಡಿರುವುದು ಸಾಂಬಾ. ಸಾಂಬಾ ಶುರುವಾದದ್ದು 1992ರಲ್ಲಿ, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅವರಿಂದ. 2012ರ ಡಿಸೆಂಬರ್‌ನಲ್ಲಿ 4.0 ಬಂದ ಮೇಲೆ ವಿಂಡೋಸ್ ಕಂಪ್ಯೂಟರುಗಳ ಡೊಮೇನನ್ನೂ, ಅಂದರೆ ಒಂದೇ ಡೈರೆಕ್ಟರಿಯ ಕೆಳಗೆ ಬರುವ ಕಂಪ್ಯೂಟರುಗಳ ಗುಂಪನ್ನೂ, ಅದೇ ಪೂರ್ತಿ ನಡೆಸಬಲ್ಲದು. ಅದರೊಳಗೆ ಕರ್ಬರೋಸ್ ಅಂತ ಒಂದು ವ್ಯವಸ್ಥೆ ಇದೆ, ಲಾಗಿನ್ ಆದವರಿಗೆ ಟಿಕೆಟ್ ಕೊಡುವುದು ಅದರ ಕೆಲಸ. ಟಿಕೆಟಿಗೆ ಸಮಯದ ಲೆಕ್ಕ ಇದೆ. ಸರ್ವರಿನ ಗಡಿಯಾರಕ್ಕೂ ನಮ್ಮ ಕಂಪ್ಯೂಟರಿನ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದು ಒಪ್ಪುವುದಿಲ್ಲ. ಕದ್ದ ಟಿಕೆಟನ್ನು ಆಮೇಲೆ ಯಾರೋ ತಂದು ತೋರಿಸಬಾರದಲ್ವಾ, ಅದಕ್ಕೆ.

ಸರ್ವರ್ ತನ್ನಲ್ಲಿ ಏನೇನಾಯಿತು ಅಂತ ಬರೆದಿಡುವ ಫೈಲ್, ಅಂದರೆ ಲಾಗ್ ತೆರೆದೆ. ಅಲ್ಲೇ ಇತ್ತು: ಕ್ಲಾಕ್ ಸ್ಕ್ಯೂ ಟೂ ಗ್ರೇಟ್, ಅಂದರೆ ಗಡಿಯಾರಗಳ ವ್ಯತ್ಯಾಸ ತೀರಾ ಜಾಸ್ತಿ. ಸರ್ವರಿನ ಮದರ್‌ಬೋರ್ಡ್ ಮೇಲಿನ ಗುಂಡಗಿನ ಸಣ್ಣ ಬ್ಯಾಟರಿ ಸತ್ತಿತ್ತು. ಕರೆಂಟು ಇದ್ದಷ್ಟು ದಿನ ಗೊತ್ತಾಗಿರಲಿಲ್ಲ. ಆಫ್ ಆಗಿ ಆನ್ ಆದಾಗ ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿತ್ತು, ನೆಟ್ ಇಲ್ಲದ್ದರಿಂದ ಹೊರಗಿನಿಂದ ಸರಿಯಾದ ಸಮಯ ತರಿಸಿಕೊಳ್ಳಲೂ ಆಗಲಿಲ್ಲ. ಕೈಗಡಿಯಾರ ನೋಡಿ ಸಮಯ ಹಾಕಿದೆ, ಪೇಟೆಯ ವಾಚ್ ಅಂಗಡಿಯಿಂದ ಬ್ಯಾಟರಿ ತರಿಸಿದೆ. ಮಧ್ಯಾಹ್ನದ ಒಳಗೆ ಟೆಂಡರ್ ನಡೆಯಿತು.

ಅದೇ ವಾರ ಇನ್ನೊಂದು ಆಫೀಸಿನಲ್ಲಿ, ಊರು ಹೇಳುವುದಿಲ್ಲ, ಲಾಗಿನ್‌ಗೆ ಹಾಕಿದ್ದ ದುಬಾರಿ ಸಾಫ್ಟ್‌ವೇರ್ ತನ್ನ ಲೈಸೆನ್ಸ್ ಸರಿ ಇದೆಯಾ ಅಂತ ನೆಟ್‌ನಲ್ಲಿ ಕೇಳಿಕೊಳ್ಳಬೇಕಿತ್ತು. ನೆಟ್ ಇಲ್ಲ. ಫೋನ್ ಮಾಡಿದರೆ ಒಂದು ದೂರಿನ ನಂಬರ್ ಕೊಟ್ಟರು, ಅಷ್ಟೇ. ಮೂರು ದಿನ ಕೆಲಸ ನಿಂತಿತು. ನನ್ನನ್ನು ಕರೆದಿದ್ದರು, ಹೋಗಿ ನೋಡಿದೆ. ಲಾಗ್ ಓದಲು ಬರುವ ಹಾಗೆ ಇರಲಿಲ್ಲ, ಬದಲಿಸಲು ಒಂದು ಸಾಲೂ ಇರಲಿಲ್ಲ. ಆ ಹುಡುಗರ ಮುಖ ನೋಡಿ ನಿಜವಾಗಿ ಬೇಜಾರಾಯಿತು.

ನನ್ನ ಮಾತು ಇಷ್ಟೇ. ನಮ್ಮ ಕಡೆ ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನೂ ನೆಟ್ಟನ್ನೂ ನಂಬುವ ಹಾಗಿಲ್ಲ. ಹಾಗಾಗಿ ಇಲ್ಲೇ ಇರುವ ಒಬ್ಬರು ಓದಿ ರಿಪೇರಿ ಮಾಡಬಹುದಾದ ಸಾಫ್ಟ್‌ವೇರ್ ನಮಗೆ ಬೇಕು. ಬೆಲೆ ಆಮೇಲಿನ ವಿಷಯ.

ಹಿನ್ನೆಲೆಯಲ್ಲಿ ಓಡುವ ಸರ್ವಿಸುಗಳದ್ದೂ ಇದೇ ಕಥೆ. ನಮ್ಮ ಸರ್ವರ್ ಓಡುವುದು ಲಿನಕ್ಸ್ ಮೇಲೆ, ಅದೂ ವಿಂಡೋಸ್ ಥರದ್ದೇ, ಆದರೆ ಫ್ರೀ. ಅದರಲ್ಲಿ ಸರ್ವಿಸುಗಳನ್ನು ಎಬ್ಬಿಸಿ ನೋಡಿಕೊಳ್ಳುವುದು ಸಿಸ್ಟಮ್‌ಡಿ. 2010ರಲ್ಲಿ ಬಂದ ಇದರ ಬಗ್ಗೆ ಲಿನಕ್ಸ್ ಜನರಲ್ಲಿ ದೊಡ್ಡ ಜಗಳವೇ ಆಗಿದೆ, ಅದರ ಮೇಲಿನ ಸಿಟ್ಟಿಗೆ ಡೆಬಿಯನ್ ಅನ್ನೋ ಲಿನಕ್ಸ್ ಬಿಟ್ಟು ಡೆವುವಾನ್ ಅಂತ ಬೇರೆ ಮನೆ ಮಾಡಿದವರಿದ್ದಾರೆ. ನನಗಂತೂ ಸಿಸ್ಟಮ್‌ಡಿ ಇಷ್ಟ. ಹತ್ತು ಸಾಲಿನ ಒಂದು ಫೈಲ್ ಓದಿದರೆ ಸರ್ವಿಸ್ ಯಾವಾಗ ಏಳಬೇಕು, ಬಿದ್ದರೆ ಏನು ಮಾಡಬೇಕು ಅಂತ ತಿಳಿಯುತ್ತದೆ. ಒಂದು ವಿಷಯ ಮಾತ್ರ ನಮ್ಮ ಕಡೆಯವರು ನೆನಪಿಡಬೇಕು. ಬಿದ್ದರೆ ಮತ್ತೆ ಏಳು ಅಂತ ಬರೆದು ಸುಮ್ನೆ ಬಿಟ್ಟರೆ ಸಾಲದು. ಬೇರೇನೂ ಹೇಳದಿದ್ದರೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಕಾದು ಮತ್ತೆ ಏಳುತ್ತದೆ, 10 ಸೆಕೆಂಡಿನೊಳಗೆ 5 ಸಲ ಎದ್ದು ಬಿದ್ದರೆ ಆಮೇಲೆ ಕೈಬಿಡುತ್ತದೆ. ಕರೆಂಟು ಬಂದ ತಕ್ಷಣ ಲೆಕ್ಕವನ್ನೆಲ್ಲ ಇಟ್ಟಿರುವ ಡೇಟಾಬೇಸ್ ಇನ್ನೂ ಎದ್ದಿರುವುದಿಲ್ಲ, ಬಿಲ್ಲಿಂಗ್ ಸರ್ವಿಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಐದು ಸಲ ಬಿದ್ದು ಮಲಗಿಬಿಡುತ್ತದೆ, ನಾವು ಬಿಲ್ಲಿಂಗ್ ಹಾಳಾಯ್ತು ಅಂದುಕೊಳ್ಳುತ್ತೇವೆ. ಮತ್ತೆ ಏಳುವ ಮೊದಲು ಎಷ್ಟು ಸೆಕೆಂಡ್ ಕಾಯಬೇಕು ಅಂತ ಹೇಳುವ ರೀಸ್ಟಾರ್ಟ್‌ಸೆಕ್ ಅನ್ನೋದನ್ನು ನಾನು 30 ಅಂತ ಇಡುತ್ತೇನೆ. ಅರ್ಧ ನಿಮಿಷಕ್ಕೊಮ್ಮೆ ತಾಳ್ಮೆಯಿಂದ ಪ್ರಯತ್ನ ಮಾಡುತ್ತಾ ಇರುತ್ತದೆ.

ಬ್ಯಾಕಪ್ ಕೂಡ ಹಾಗೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಹಳೆಯ ಕ್ರಾನ್‌ನಲ್ಲಿ ರಾತ್ರಿ 2 ಗಂಟೆಗೆ ಅಂತ ಇಟ್ಟಿದ್ದು, ಆ ಹೊತ್ತಿಗೆ ಸರ್ವರ್ ಆಫ್ ಇದ್ದರೆ ಆ ದಿನದ ಬ್ಯಾಕಪ್ ಇಲ್ಲ. ಅದೇ ಕೆಲಸಕ್ಕೆ ಸಿಸ್ಟಮ್‌ಡಿಯಲ್ಲಿರುವ ಟೈಮರಿನಲ್ಲಿ ಪರ್ಸಿಸ್ಟೆಂಟ್ ಅನ್ನೋದಕ್ಕೆ ಟ್ರೂ ಅಂತ ಕೊಟ್ಟರೆ ತಪ್ಪಿಹೋದ ಕೆಲಸವನ್ನು ಸರ್ವರ್ ಎದ್ದ ಮೇಲೆ ಮಾಡುತ್ತದೆ. ಈ ಒಂದು ಸಾಲು ನಮ್ಮ ಮಲೆನಾಡಿಗೇ ಬರೆದಂತಿದೆ ಅಂತ ನನಗೆ ಅನಿಸುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಕಾರವಾರದ ಕಡೆ ಒಂದು ಲ್ಯಾಬಿಗೆ ಓಪನ್‌ಎಲ್‌ಡ್ಯಾಪ್ ಅನ್ನೋ ಇನ್ನೊಂದು ಫ್ರೀ ಡೈರೆಕ್ಟರಿ ಹಾಕುವಾಗ ತುಂಬಾ ಕಷ್ಟಪಟ್ಟೆ. ಅದರ ಸೆಟ್ಟಿಂಗನ್ನೂ ಡೈರೆಕ್ಟರಿಯ ಒಳಗೇ ಇಡುತ್ತಾರೆ, ಹೊಸಬರಿಗೆ ತಲೆ ಬುಡ ತಿಳಿಯುವುದಿಲ್ಲ. ಆದರೆ ಅದರ ಜೊತೆಗೇ ಬರುವ ಸ್ಲ್ಯಾಪ್‌ಕ್ಯಾಟ್ ಅನ್ನೋ ಕಮಾಂಡ್ ಓಡಿಸಿದರೆ ಇಡೀ ಡೈರೆಕ್ಟರಿ ಸಾದಾ ಪಠ್ಯದ ಫೈಲಾಗಿ ಕೈಗೆ ಬರುತ್ತದೆ. ಒಂದು ಮಾತು, ಹೆಸರುಗಳನ್ನು ಕನ್ನಡದಲ್ಲಿ ಹಾಕಿದ್ದರೆ ಆ ಫೈಲಿನಲ್ಲಿ ಎರಡು ಕೋಲನ್ ಆಗಿ ಮುಂದೆ ಅರ್ಥವಾಗದ ಅಕ್ಷರಗಳ ಸಾಲು ಕಾಣುತ್ತದೆ. ಹೆದರಬೇಡಿ. ಅದು ಬೇಸ್64, ಅಂದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರ ಅಂಕಿಗಳಲ್ಲಿ ಬರೆದಿಡುವ ಒಂದು ವಿಧಾನ, ಹೆಸರು ಹಾಳಾಗಿಲ್ಲ, ವಾಪಸ್ ಹಾಕಿದಾಗ ಕನ್ನಡವೇ ಬರುತ್ತದೆ.

"ಯಾರು ಬೇಕಾದರೂ ಬರೆಯೋ ಸಾಫ್ಟ್‌ವೇರನ್ನ ನಂಬೋದು ಹೇಗೆ?" ಇದೂ ನ್ಯಾಯವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಸಣ್ಣ ಲೈಬ್ರರಿಯಲ್ಲಿ, ಅಂದರೆ ಬೇರೆ ಸಾಫ್ಟ್‌ವೇರ್‌ಗಳು ಬಳಸಿಕೊಳ್ಳುವ ಕೋಡಿನಲ್ಲಿ, ಕಳ್ಳಬಾಗಿಲು ಸಿಕ್ಕಿತು. ಕೆಲವು ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿಯ ಲೈಬ್ರರಿ ಮೂಲಕವೇ ಅದು ದೂರದಿಂದ ಸರ್ವರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ ತನಕ ಹೋಗುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ತಡವಾಗಿದ್ದು ಕಂಡಿತು, ಹುಡುಕುತ್ತಾ ಹೋದರು, ಕೋಡ್ ತೆರೆದೇ ಇದ್ದದ್ದರಿಂದ ಬೇರು ಸಿಕ್ಕಿತು. ಆ ಲೈಬ್ರರಿಯನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಒಬ್ಬರೇ ನೋಡಿಕೊಂಡು ದಣಿದಿದ್ದರು, ಸಹಾಯ ಮಾಡುವ ನೆಪದಲ್ಲಿ ಬಂದವನೇ ಕಳ್ಳಬಾಗಿಲು ಇಟ್ಟ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅದಕ್ಕೇ ಸಂಘಗಳ ನಿರ್ದೇಶಕರಿಗೆ ಕೇಳಿಕೊಳ್ಳುತ್ತೇನೆ. ಫ್ರೀ ಅಂತ ಬಜೆಟಿನಲ್ಲಿ ಸೊನ್ನೆ ಬರೆಯಬೇಡಿ. ಉಳಿದ ಲೈಸೆನ್ಸ್ ದುಡ್ಡಿನಲ್ಲಿ ಎರಡನೇ ಸರ್ವರ್ ತಗೊಳ್ಳಿ, ಒಂದು ಸತ್ತರೆ ಇನ್ನೊಂದು ಲಾಗಿನ್ ಕೊಡಬೇಕು. ಸಾಧ್ಯವಾದರೆ ಆ ಸಾಫ್ಟ್‌ವೇರ್ ಬರೆಯುವವರಿಗೂ ಸ್ವಲ್ಪ ಕಳಿಸಿ. ಊರಿನ ಹುಡುಗ ಹುಡುಗಿಯರಿಗೆ ಕಲಿಸಿ. ಮಳೆ ಹಿಡಿಯುವ ಮೊದಲು ಅಡಿಕೆ ಮರ ಹತ್ತುವ ಕೊನೆಗೌಡರನ್ನು ಕರೆಸಿ ತೋಟಕ್ಕೆ ಮದ್ದು ಹೊಡೆಸುತ್ತೀರಲ್ಲ, ಅದೇ ವಾರ ಬ್ಯಾಕಪ್ಪನ್ನು ಒಮ್ಮೆ ಬೇರೆ ಕಂಪ್ಯೂಟರಿನಲ್ಲಿ ವಾಪಸ್ ಹಾಕಿ ನೋಡಿ.

ನಾನು ಸರ್ವರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಕನ್ನಡದಲ್ಲಿ, ಒಂದೊಂದು ತೊಂದರೆಗೆ ಒಂದೊಂದು ಪುಟ. ಸೆಪ್ಟೆಂಬರಿನಲ್ಲಿ ಒಂದು ದಿನ ನಾನು ಅಂಕೋಲಾದಲ್ಲಿದ್ದಾಗ ಬಿಲ್ಲಿಂಗ್ ನಿಂತಿತು. ಸಂಘದ ಕ್ಲರ್ಕ್ ಫೋನ್ ಮಾಡಿದರು. "ಸರ್, ನಾಲ್ಕನೇ ಪುಟ ನೋಡಿ ಮಾಡಿದೆ, ಶುರುವಾಯ್ತು. ಸುಮ್ನೆ ಹೇಳೋಣ ಅಂತ." ಮರುದಿನ ಹೋಗಿ ನೋಡಿದರೆ ಆ ಪುಟದ ಕೆಳಗೆ ಅವರೇ ಒಂದು ಸಾಲು ಸೇರಿಸಿದ್ದರು: ಸರ್ವರಿನ ಕೀಬೋರ್ಡ್ ಎಡಗಡೆ ಡ್ರಾದಲ್ಲಿದೆ.