ಪಂಚಾಂಗ ನೋಡಿಕೊಂಡು ಮುಂಬೈಗೆ ಹೊರಡಿ

ನಿನ್ನೆ ಸಂಜೆ ಕೆಳಗಿನ ಮನೆಯವರು ಮೊಬೈಲ್ ಹಿಡಿದುಕೊಂಡು ಬಂದು, "ಆಂಟಿ, ನೀವು ಅಲ್ಲೇ ಇದ್ದವರಲ್ವಾ, ಒಂಚೂರು ನೋಡಿ ಹೇಳಿ" ಅಂದರು. ಮುಂಬೈ ಪ್ಲಾನ್. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹಾಸನದಿಂದ ಬರುವ ಅಜ್ಜಿ. ಮನೆಯಲ್ಲಿ ಯಾರೂ ಮುಂಬೈ ನೋಡಿಲ್ಲ. ಅಜ್ಜಿಯಂತೂ ಕಡಲನ್ನೇ ನೋಡಿಲ್ಲ. ಶನಿವಾರ ಬೆಳಿಗ್ಗೆ ಇಳಿಯುವುದು, ಸೋಮವಾರ ರಾತ್ರಿ ವಾಪಸ್. ಎಕ್ಸೆಲ್ ಶೀಟಿನಲ್ಲಿ ಬಣ್ಣಬಣ್ಣದ ಕೋಷ್ಟಕ, ನಿಮಿಷ ನಿಮಿಷಕ್ಕೂ ಲೆಕ್ಕ. ಸಿನಿಮಾ ನಟರೊಬ್ಬರ ಮನೆಯ ಗೇಟಿಗೆ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. ಮರೀನ್ ಡ್ರೈವ್‌ಗೆ ಹದಿನೈದು ನಿಮಿಷ, ಪಕ್ಕದಲ್ಲಿ "ಫೋಟೋ" ಎಂದು ಬರೆದಿದೆ.

ನನಗೆ ತಡೆಯಲಾಗಲಿಲ್ಲ. ಅವರೆದುರು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಇಲ್ಲೂ ಜೋರಾಗಿಯೇ ಬರೆಯುತ್ತೇನೆ, ಏಕೆಂದರೆ ಬೆಂಗಳೂರಿಗೆ ಬಂದ ಮೇಲೆ ನನ್ನ ಕಣ್ಣಿಗೆ ಬಿದ್ದ ಮುಂಬೈ ಪ್ಲಾನ್‌ಗಳೆಲ್ಲ ಹೆಚ್ಚುಕಡಿಮೆ ಹೀಗೇ ಇವೆ. ಕಡಲ ಊರಿಗೆ ಹೊರಟವರು ಕಡಲನ್ನು ಒಂದು ಮಾತೂ ಕೇಳದೆ ಹೊರಡುತ್ತಾರೆ.

ಆ ಶೀಟನ್ನೇ ತೆಗೆದುಕೊಳ್ಳಿ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಹಾಜಿ ಅಲಿ ದರ್ಗಾ. ಹಿಂದಿನ ದಿನ ಅಮಾವಾಸ್ಯೆ. ವರ್ಳಿ ದಡದಾಚೆ ನೀರಿನ ನಡುವೆ ಇರುವ ದರ್ಗಾ ಅದು, ಹೋಗಲು ತಗ್ಗಾದ ಒಂದು ಕಾಲುದಾರಿ. ಉಬ್ಬರ ಬಂದಾಗ ಆ ದಾರಿ ಮುಳುಗುತ್ತದೆ, ನೀರು ಇಳಿಯುವ ತನಕ ಯಾರೂ ಹೋಗುವಂತಿಲ್ಲ, ಬರುವಂತಿಲ್ಲ. ಅಮಾವಾಸ್ಯೆಯ ಮಾರನೇ ದಿನ ಮಧ್ಯಾಹ್ನ ಒಂದು ಗಂಟೆ ಎಂದರೆ ಸರಿಯಾಗಿ ದೊಡ್ಡ ಉಬ್ಬರದ ನೆತ್ತಿ. ಅಜ್ಜಿಯನ್ನೂ ಮಕ್ಕಳನ್ನೂ ಬಿಸಿಲಲ್ಲಿ ರಸ್ತೆ ಬದಿ ನಿಲ್ಲಿಸಿಕೊಂಡು ಇವರು ಏನು ಮಾಡುತ್ತಿದ್ದರು?

ಅದೇ ಸಂಜೆ ಗೇಟ್‌ವೇ ಆಫ್ ಇಂಡಿಯಾದಲ್ಲಿ ಸೂರ್ಯಾಸ್ತ. ಗೇಟ್‌ವೇ ಇರುವುದು ಊರಿನ ಪೂರ್ವದ ದಡದಲ್ಲಿ, ಬಂದರಿನ ಕಡೆಗೆ ಮುಖ ಮಾಡಿ. ಅಲ್ಲಿ ನಿಂತು ನೀರು ನೋಡಿದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಕಟ್ಟಡಗಳ ಆಚೆ ಮುಳುಗುತ್ತಾನೆ. ಗೇಟ್‌ವೇಗೆ ಹೋಗಬೇಕಾದದ್ದು ಬೆಳಗಿನ ಜಾವ. ಆಗ ಜನ ಕಡಿಮೆ, ದೋಣಿಗಳು ಇನ್ನೂ ಕಟ್ಟಿದಲ್ಲೇ ತೂಗುತ್ತಿರುತ್ತವೆ, 1924ರಲ್ಲಿ ಕಟ್ಟಿ ಮುಗಿಸಿದ ಆ ಕಮಾನಿನ ಹಳದಿ ಕಲ್ಲಿಗೆ ನೇರ ಬಿಸಿಲು ಬೀಳುತ್ತದೆ. ಬ್ರಿಟಿಷರ ಕೊನೆಯ ಪಡೆ 1948ರ ಫೆಬ್ರವರಿಯಲ್ಲಿ ಆ ಕಮಾನಿನಡಿಯಿಂದಲೇ ಹಡಗು ಹತ್ತಿ ಹೋದದ್ದು. ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಸೂರ್ಯಾಸ್ತಕ್ಕೆ ಪಶ್ಚಿಮದ ದಡ ಇದೆ: ಮರೀನ್ ಡ್ರೈವ್, ಗಿರ್‌ಗಾಂವ್ ಚೌಪಾಟಿ, ಬಾಂದ್ರಾ, ಜುಹು. ನೀರಿರುವ ಜಾಗವೆಲ್ಲ ಒಂದೇ ಎಂದುಕೊಂಡವರಿಗೆ ಮಾತ್ರ ಈ ಎರಡು ದಡ ಅದಲುಬದಲಾಗುತ್ತವೆ.

ಸೋಮವಾರ ಎಲಿಫೆಂಟಾ. ಕಡಲ ನಡುವಿನ ದ್ವೀಪದಲ್ಲಿರುವ ಆ ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ಸೋಮವಾರವೇ ರಜೆ. ಅದೂ ಇರಲಿ, ಮಧ್ಯಾಹ್ನ ಮೂರಕ್ಕೆ ದೋಣಿ ಹತ್ತುವ ಲೆಕ್ಕ ಹಾಕಿದ್ದರು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ದಡದಿಂದ ಗುಹೆಯವರೆಗೆ ಮೆಟ್ಟಿಲು ಬೇರೆ. ಬೆಳಿಗ್ಗೆ ಮೊದಲ ದೋಣಿಗಳಲ್ಲಿ ಹೋಗಿ ಬರುವ ಜಾಗ ಅದು. ಆರನೇ ಶತಮಾನದಲ್ಲಿ ಬೆಟ್ಟದ ಹೊಟ್ಟೆಯನ್ನೇ ಕೊರೆದು ಮಾಡಿದ ಆ ಮೂರು ಮುಖದ ಸದಾಶಿವನ ಎದುರು ಗಡಿಯಾರ ನೋಡುತ್ತ ನಿಲ್ಲುವುದಾದರೆ ಹೋಗಲೇಬೇಡಿ. ಸುಮಾರು 20 ಅಡಿ ಎತ್ತರದ ಶಿಲ್ಪ. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆಯೇ ಆ ಮುಖಗಳು ಒಂದೊಂದಾಗಿ ಮುಂದೆ ಬರುತ್ತವೆ, ಅದಕ್ಕೆ ಹೊತ್ತು ಬೇಕು.

ನಾನು ಹೊನ್ನಾವರದವಳು, ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿ ಸೇರಿದವಳು ಎಂಬುದು ನಿಮಗೆಲ್ಲ ಗೊತ್ತು. ಶರಾವತಿ ಅಳಿವೆಯ ಪಕ್ಕ ಬೆಳೆದವರಿಗೆ ನೀರಿನ ಹೊತ್ತು ಯಾರೂ ಕಲಿಸಬೇಕಿಲ್ಲ. ದೋಣಿ ಬಿಡುವುದು, ಚಿಪ್ಪಿ ಆರಿಸುವುದು, ಎಲ್ಲವೂ ಅದರ ಮೇಲೆಯೇ. ಆದರೂ ಮುಂಬೈಗೆ ಹೋದಾಗ ನಾನೇ ಬೆರಗಾದೆ. ದೊಡ್ಡ ಉಬ್ಬರದ ದಿನ ಅಲ್ಲಿ ನೀರು ನಾಲ್ಕೂವರೆ ಮೀಟರ್ ದಾಟುತ್ತದೆ. ನಮ್ಮ ಕಡೆಯ ಏರಿಳಿತ ಅದರ ಅರ್ಧದಷ್ಟೂ ಇಲ್ಲ. ಬೆಂಗಳೂರಿನವರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಕೂತು, ಸ್ಯಾಂಕಿ ಕೆರೆಯ ಹಾಗೆ ಕಡಲೂ ಹೋದಾಗೆಲ್ಲ ಅಲ್ಲೇ ಇರುತ್ತದೆ ಎಂದುಕೊಂಡಿರುತ್ತಾರೆ. ಬೆಳಿಗ್ಗೆ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಬರೀ ಕೆಸರು, ಬಂಡೆ ಇರಬಹುದು ಎಂಬುದು ಪ್ಲಾನಿನೊಳಗೆ ಬರುವುದೇ ಇಲ್ಲ.

ಇದಕ್ಕೆ ಯಾವ ದೊಡ್ಡ ವಿದ್ಯೆಯೂ ಬೇಡ. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳಂದು ಮುಂಬೈಯಲ್ಲಿ ನೀರು ತುಂಬುವುದು ಮಧ್ಯಾಹ್ನ ಹನ್ನೆರಡರ ಆಸುಪಾಸು, ಮತ್ತೆ ನಡುರಾತ್ರಿ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಬೆಳಿಗ್ಗೆ ಆರು, ಸಂಜೆ ಆರರ ಹತ್ತಿರ ಬಂದಿರುತ್ತದೆ. ಉಬ್ಬರ ತುಂಬಿದ ಆರು ಗಂಟೆ ಚಿಲ್ಲರೆಗೆ ಪೂರ್ತಿ ಇಳಿತ. ಇಷ್ಟು ತಿಳಿದರೆ ಅರ್ಧ ಪ್ಲಾನ್ ಆದ ಹಾಗೆ. ಸಂಜೆ ಮರೀನ್ ಡ್ರೈವ್‌ನಲ್ಲಿ ನೀರು ಏರಿರುವುದನ್ನು ನೋಡಬೇಕಾದರೆ ಅಷ್ಟಮಿ, ನವಮಿಯ ಸುತ್ತ ಹೋಗಿ. ಹಾಜಿ ಅಲಿಗೆ ನಡೆಯಬೇಕಾದರೆ ಇಳಿತ ನೋಡಿ. ಚಳಿಗಾಲದಿಂದ ಮೇ ತನಕ ಶಿವಡಿಯ ಕೆಸರು ಬಯಲಿಗೆ ಸಾವಿರಗಟ್ಟಲೆ ಫ್ಲೆಮಿಂಗೋಗಳು ಬರುತ್ತವೆ. ಅವು ಮೇಯುವುದು ನೀರು ಸರಿದು ಕೆಸರು ತೆರೆದುಕೊಂಡಾಗ, ನೀರು ಏರುತ್ತ ಬಂದಂತೆ ದಡದ ಹತ್ತಿರ ಸರಿಯುತ್ತವೆ. ಹೊತ್ತು ನೋಡದೆ ಹೋದರೆ ಕಣ್ಣಿಗೆ ಬೀಳುವುದು ದೂರದಲ್ಲೊಂದು ಗುಲಾಬಿ ಗೆರೆ ಅಷ್ಟೇ. ನಿಖರವಾದ ವೇಳೆ ಬೇಕಾದವರಿಗೆ ಮೊಬೈಲಿನಲ್ಲಿ ದಿನದಿನದ್ದೂ ಸಿಗುತ್ತದೆ. ಹೋಟೆಲ್ ರೇಟಿಂಗ್ ಹುಡುಕಲು ಗಂಟೆಗಟ್ಟಲೆ ಕೂರುವವರಿಗೆ ಇದಕ್ಕೆ ಎರಡು ನಿಮಿಷವಿಲ್ಲವೇ?

"ಆಂಟಿ, ನಮಗಿರುವುದೇ ಮೂರು ದಿನ ರಜೆ, ಪಟ್ಟಿ ಮಾಡಿಕೊಳ್ಳದಿದ್ದರೆ ಏನೂ ನೋಡೋಕಾಗಲ್ಲ" ಅಂದರು. ರಜೆ ಸಿಗದ ಸಂಕಟ ನನಗೂ ಗೊತ್ತು, ನಾನೂ ದುಡಿದವಳೇ. ಆದರೆ ಮೂರೇ ದಿನ ಇರುವುದರಿಂದಲೇ ಪಟ್ಟಿ ಚಿಕ್ಕದಾಗಬೇಕು! ಹದಿನೇಳು ಜಾಗಕ್ಕೆ ಹೋದವರು ನೋಡುವುದು ಹದಿನೇಳು ಜಾಗವನ್ನಲ್ಲ, ಟ್ಯಾಕ್ಸಿಯ ಕಿಟಕಿಯನ್ನು. ಮುಂಬೈ ಬೆಂಗಳೂರಿನಂತೆ ಸುತ್ತಲೂ ಹರಡಿದ ಊರಲ್ಲ. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿ ತುಂಬಿ ಮಾಡಿದ, ದಕ್ಷಿಣದಲ್ಲಿ ಮೊನೆಯಾಗುವ ನೆಲ ಅದು. ಮರೀನ್ ಡ್ರೈವ್ ಕೂಡ ಹಾಗೆ ತುಂಬಿದ ಜಾಗವೇ. ಅಡ್ಡಕ್ಕೆ ಹೋಗಲು ಜಾಗವಿಲ್ಲ, ಎಲ್ಲರೂ ಉದ್ದಕ್ಕೇ ಓಡಬೇಕು. ಚರ್ಚ್‌ಗೇಟಿನಿಂದ ವಿರಾರ್‌ಗೆ ರೈಲಿನಲ್ಲಿ 60 ಕಿಲೋಮೀಟರ್. ಬೆಳಿಗ್ಗೆ ಊರೆಲ್ಲ ದಕ್ಷಿಣಕ್ಕೆ ಸಾಗುತ್ತದೆ, ಸಂಜೆ ಊರೆಲ್ಲ ಉತ್ತರಕ್ಕೆ. ನೀವು ಉತ್ತರದ ಅಂಧೇರಿಯಲ್ಲಿ ಅಗ್ಗದ ರೂಮು ಹಿಡಿದು ಬೆಳಿಗ್ಗೆ ಒಂಬತ್ತಕ್ಕೆ ದಕ್ಷಿಣ ತುದಿಯ ಕೊಲಾಬಾ ಎಂದು ಹೊರಟರೆ ಇಡೀ ಊರಿನ ಜೊತೆಗೇ ಹೊರಟಂತೆ. ದಾದರ್, ಮಾಟುಂಗಾ ಕಡೆ ಉಳಿಯಿರಿ, ಇಲ್ಲವೇ ಇನ್ನೂ ದಕ್ಷಿಣಕ್ಕೆ. ದಿನಕ್ಕೊಂದು ದಿಕ್ಕು ಇಟ್ಟುಕೊಳ್ಳಿ.

ಲೋಕಲ್ ರೈಲು ಎಂದರೆ ಭಯ ಪಡಬೇಡಿ, ಹೊತ್ತು ನೋಡಿ ಹತ್ತಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಅಜ್ಜಿಯನ್ನೂ ಕೂರಿಸಿಕೊಂಡು ಹೋಗಬಹುದು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲದ ಫಾಸ್ಟ್ ಯಾವುದು, ನಿಲ್ಲುವ ಸ್ಲೋ ಯಾವುದು ನೋಡಿಕೊಳ್ಳಿ. ಬಾಗಿಲಲ್ಲಿ ನಿಲ್ಲಬೇಡಿ, ಹಳಿ ದಾಟಬೇಡಿ. ಅದರಿಂದ ಸತ್ತವರ ಸುದ್ದಿ ನಾನು ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತು ಕೇಳಿದ್ದೇನೆ, ಆ ಮಾತು ಹಗುರವಾಗಿ ಆಡುವುದಿಲ್ಲ. ವಿಮಾನದಲ್ಲಿ ಇಳಿಯುವವರಿಗೆ ಈಗ ನೆಲದೊಳಗಿನ ಮೆಟ್ರೋ ಇದೆ. 2025ರ ಅಕ್ಟೋಬರ್‌ನಿಂದ ಕಫ್ ಪರೇಡ್ ತನಕ ಪೂರ್ತಿ ಓಡುತ್ತಿದೆ, ಏರ್‌ಪೋರ್ಟಿನಿಂದ ಚರ್ಚ್‌ಗೇಟ್, ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೆಯ ವಿ.ಟಿ. ಸ್ಟೇಷನ್) ನೇರ. ಸಿಎಸ್‌ಎಂಟಿಯನ್ನು ಮಾತ್ರ ರೈಲು ಹಿಡಿಯಲಷ್ಟೇ ಅಂದುಕೊಳ್ಳಬೇಡಿ, ಎದುರಿನ ರಸ್ತೆ ದಾಟಿ ನಿಂತು ಕತ್ತೆತ್ತಿ ನೋಡಿ. ಇದೇ ಊರಿನ ಬೋರಿಬಂದರಿನಿಂದ 1853ರ ಏಪ್ರಿಲ್ 16ರಂದು ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು.

ಈಗ ನನ್ನ ಕೋಪದ ನಿಜವಾದ ಕಾರಣ ಹೇಳಿಬಿಡುತ್ತೇನೆ. ನಮ್ಮತ್ತೆ ತಿಪಟೂರು ಕಡೆಯವರು. ಅರವತ್ತು ದಾಟಿದ ಮೇಲೆ ಮೊದಲ ಸಲ ಕಡಲು ಕಂಡದ್ದು ಮುಂಬೈಯಲ್ಲಿ, ಊರಿನವರೆಲ್ಲ ಸೇರಿ ಬಂದ ಒಂದು ಪ್ರವಾಸಿ ಬಸ್ಸಿನಲ್ಲಿ. ನಾನು ಅರ್ಧ ದಿನ ರಜೆ ಹಾಕಿ ಮರೀನ್ ಡ್ರೈವ್‌ನಲ್ಲಿ ಕಾದು ನಿಂತೆ. ಬಸ್ಸು ಬಂತು, ಅತ್ತೆ ಇಳಿದು ಕಟ್ಟೆಯ ಮೇಲೆ ಕೂತರು. ಸುಮ್ಮನೆ ಕೂತರು. ಆಮೇಲೆ ಕೇಳಿದರು, "ಮಧ್ಯಾಹ್ನ ಬಸ್ಸಲ್ಲಿ ಹೋಗ್ವಾಗ ಇಲ್ಲೆಲ್ಲ ಕಲ್ಲು ಕಾಣ್ತಿದ್ವಲ್ಲೇ, ಈಗೆಲ್ಲಿ ಹೋದ್ವು?" ಜೀವಮಾನವಿಡೀ ಹೊಲ, ತೋಟ, ಕೆರೆ ನೋಡಿದ ಹೆಂಗಸು ಒಂದೇ ದಿನದಲ್ಲಿ ಅದನ್ನು ಗಮನಿಸಿದ್ದರು! ನಾನು ಚಂದ್ರನ ಮಾತು ತೆಗೆದು ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಬಸ್ಸಿನವರು ಶೀಟಿ ಊದಿದರು. ಮುಂದಿನ ಜಾಗಕ್ಕೆ ತಡವಾಗುತ್ತದಂತೆ. ಅತ್ತೆ ಏಳಲಿಲ್ಲ. ಆತ ಬಂದು ಎಲ್ಲರೆದುರು ಗದರಿದ. ಎದ್ದು ಹೋದರು.

ಮುಂದಿನ ಜಾಗ ಒಂದು ಶಾಪಿಂಗ್ ಮಾಲ್. ಎಷ್ಟು ವರ್ಷವಾದರೂ ನನಗೆ ಅದು ಇಳಿದಿಲ್ಲ. ಈಗಲೂ ಫೋನಿನಲ್ಲಿ ಮುಂಬೈ ಮಾತು ಬಂದರೆ ಅತ್ತೆ ಮಾಲಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ, ಆ ಕಲ್ಲುಗಳ ವಿಷಯ ಹೇಳುತ್ತಾರೆ. ನಿನ್ನೆ ಆ ಶೀಟಿನಲ್ಲಿ ಅಜ್ಜಿಯ ಪಾಲಿಗೆ ಹದಿನೈದು ನಿಮಿಷ ಎಂದು ಓದಿದಾಗ ನನ್ನ ಕಿವಿಯಲ್ಲಿ ಅದೇ ಶೀಟಿ.

ಮಳೆಗಾಲದಲ್ಲಿ ಹೋಗುತ್ತೇವೆ, ಅಲೆ ಚೆನ್ನಾಗಿರುತ್ತದೆ ಎನ್ನುವವರಿಗೂ ಒಂದು ಮಾತು. ಮೊದಲ ಸಲಕ್ಕೆ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಬೆಂಗಳೂರಿಗೆ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಬೀಳುವಷ್ಟು. ಅದರ ಮೇಲೆ ಉಬ್ಬರ. ಹೊರಗೆ ಹೋಗಬೇಕಾದ ನೀರಿಗೆ ಕಡಲೇ ಬಾಗಿಲು ಹಾಕಿತು. ಆ ರಾತ್ರಿ ನಾನು ಆಫೀಸಿನಲ್ಲಿ ಕಳೆದೆ, ಮನೆಗೆ ಫೋನ್ ಹೋಗುತ್ತಿರಲಿಲ್ಲ, ಮಗಳು ಚಿಕ್ಕವಳು. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಉಬ್ಬರದ ವೇಳೆ ನೋಡದೆ ಮನೆಯಿಂದ ಕಾಲಿಡುತ್ತಿರಲಿಲ್ಲ. ಮುಂಬೈಯ ಎಷ್ಟೋ ಮನೆಗಳಲ್ಲಿ ಇದು ಇಂದಿಗೂ ನಡೆದಿದೆ. ಅಲ್ಲೇ ಬದುಕುವವರು ಇಷ್ಟು ಎಚ್ಚರದಿಂದಿರುವಾಗ ಮೂರು ದಿನಕ್ಕೆ ಹೋದವರು ಕಟ್ಟೆ ಇಳಿದು ಆ ಕಲ್ಲುಗಳ ಮೇಲೆ ಸೆಲ್ಫಿಗೆ ನಿಲ್ಲುವುದನ್ನು ನೋಡಿದರೆ ಮೈ ಉರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಶೀಟಿನಲ್ಲಿ ಮಾಟುಂಗಾ ಇರಲೇ ಇಲ್ಲ! ಕನ್ನಡದವರು ಮುಂಬೈಗೆ ಹೋಗಿ ಮಾಟುಂಗಾ ನೋಡದೆ ಬರುವುದು ಹೇಗೆ? ಕರಾವಳಿಯ ಹುಡುಗರು ಇದೇ ಕಡಲ ಮೇಲೆ ಹಡಗಿನಲ್ಲಿ ಬಂದು, ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಬದುಕು ಕಟ್ಟಿದ ಊರು ಅದು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅದಕ್ಕೂ ಮೊದಲಿನ ಎರಡು ಮೂರು ತಲೆಮಾರು ಹೇಗೆ ಬಂದಿರಬಹುದು ಎಂದು ಯೋಚಿಸಿ. ಮೈಸೂರು ಅಸೋಸಿಯೇಷನ್ 1926ರಿಂದ ಅಲ್ಲಿದೆ. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಬಾಳೆಲೆಯ ಊಟ. ಮಧ್ಯಾಹ್ನ ಹೋಗಿ, ಸಾಲಿನಲ್ಲಿ ನಿಲ್ಲಿ, ನಿಧಾನವಾಗಿ ಉಣ್ಣಿ. ಅಜ್ಜಿಗೆ ಆ ಸಾರು ಇಷ್ಟವಾಗುತ್ತದೆ.

ಕೊನೆಗೆ ಕೆಳಗಿನ ಮನೆಯ ಹುಡುಗಿ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡೇ ಶೀಟು ತೆರೆದಳು. ನಟರ ಗೇಟ್ ತೆಗೆದೆವು, ಮಾಲ್‌ಗಳನ್ನು ತೆಗೆದೆವು. ಎಲಿಫೆಂಟಾ ಭಾನುವಾರ ಬೆಳಿಗ್ಗೆಗೆ ಬಂತು, ಅದರ ಮುಂಚೆ ಗೇಟ್‌ವೇ. ಮಾಟುಂಗಾ ಶನಿವಾರ ಮಧ್ಯಾಹ್ನಕ್ಕೆ. ಶನಿವಾರ ಸಂಜೆ ಇಳಿತ, ಆದ್ದರಿಂದ ಹಾಜಿ ಅಲಿ ಸಂಜೆಗೆ ಹೋಯಿತು. ಇನ್ನು ಮರೀನ್ ಡ್ರೈವ್. ಭಾನುವಾರ ಎರಡು ಗಂಟೆಯ ಹೊತ್ತಿಗೆ ನೀರು ತುಂಬಿ ಆಮೇಲೆ ಇಳಿಯತೊಡಗುತ್ತದೆ. ಬಿಸಿಲು ತಗ್ಗಿದ ಮೇಲೆ, ನಾಲ್ಕೂವರೆಗೆ ಅಜ್ಜಿಯನ್ನು ಕಟ್ಟೆಯ ಮೇಲೆ ಕೂರಿಸಿ, ಕತ್ತಲಾಗುವ ತನಕ ಏಳಿಸಬೇಡಿ, ಕಲ್ಲುಗಳು ಒಂದೊಂದಾಗಿ ಮೇಲೆ ಬರುವುದನ್ನು ಅವರೇ ನೋಡಲಿ ಎಂದೆ. ಅವಳು ಆ ಚೌಕದಲ್ಲಿದ್ದ "ಫೋಟೋ" ಅಳಿಸಿ "ಅಜ್ಜಿ" ಎಂದು ಬರೆದಳು.

ನಿಮ್ಮಲ್ಲಿ ಯಾರಾದರೂ ಮೊದಲ ಸಲ ಹೊರಟಿದ್ದರೆ ಟಿಕೆಟ್ ಮಾಡುವ ಮುಂಚೆ ತಾರೀಖು ತಿಳಿಸಿ, ನೀರಿನ ಹೊತ್ತು ನಾನು ನೋಡಿ ಹೇಳುತ್ತೇನೆ.