ಲೈಟ್ ಆರಿಸಿ ಅಂತ ನಾನು ಕೇಳಿರಲಿಲ್ಲ

ನಿನ್ನೆ ಸಂಜೆಯಿಂದ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗಿದೆ. ಕಾರಿನ ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯ ಹಿಂದೆ ಒಂದು ಸಣ್ಣ ಕಪ್ಲರ್, ಅಂದರೆ ವೈರಿನ ತುದಿಯ ಪ್ಲಗ್, ಸಿಕ್ಕಿತು. ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ವೈರುಗಳ ಸಂದಿಗೆ ಸಿಕ್ಕಿಸಿ ಇಟ್ಟಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಅದು ಕೂರಬೇಕಾದ ಜಾಗ ಖಾಲಿ. ಆಯಿಲ್ ಕಡಿಮೆಯಾದರೆ ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ಹತ್ತಿಸುವ ವೈರ್ ಅದು. ಅದನ್ನು ಕಿತ್ತು, ಕಾಣದ ಹಾಗೆ ಬಚ್ಚಿಟ್ಟು, "ಸರಿ ಹೋಯ್ತು ಸಾರ್" ಅಂತ ಗ್ಯಾರೇಜಿನವರು ಕೀ ಕೈಗೆ ಕೊಟ್ಟಿದ್ದರು. ನಾನೂ ದುಡ್ಡು ಕೊಟ್ಟು, ಥ್ಯಾಂಕ್ಸ್ ಹೇಳಿ ಬಂದಿದ್ದೆ.

ಎರಡು ತಿಂಗಳಿಂದ ನಡೆದಿರುವ ಕಥೆ ಇದು. ಒಂದು ದಿನ ತಿರುವಿನಲ್ಲಿ ಕಾರು ತಿರುಗಿಸುವಾಗ ಆ ಲೈಟ್ ಒಂದು ಕ್ಷಣ ಹತ್ತಿ ಆರಿತು. ಕೆಂಪು ವೃತ್ತ, ಒಳಗೆ ಆಶ್ಚರ್ಯಸೂಚಕ ಚಿಹ್ನೆ. ಮರುದಿನ ಇಳಿಜಾರಿನಲ್ಲಿ ಹತ್ತಿತು. ಸಮತಟ್ಟು ರಸ್ತೆಗೆ ಬಂದ ಕೂಡಲೇ ಆರಿತು. ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟೆ, ಮತ್ತೆ ಎಳೆದು ಬಿಟ್ಟೆ. ವ್ಯತ್ಯಾಸ ಇಲ್ಲ. ತಿರುವಿನಲ್ಲಿ ಮಾತ್ರ ಹತ್ತುವುದೇಕೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಡಬ್ಬಿಯಲ್ಲಿ ಆಯಿಲ್ ಮಿನಿಮಮ್ ಗೆರೆಯ ಹತ್ತಿರ ಇಳಿದಿರುತ್ತದೆ. ಕಾರು ವಾಲಿದಾಗ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಒಳಗಿನ ತೇಲು, ಅಂದರೆ ಆಯಿಲಿನ ಮೇಲೆ ತೇಲುವ ತುಂಡು, ಕೆಳಗೆ ಬೀಳುತ್ತದೆ, ಲೈಟ್ ಹತ್ತುತ್ತದೆ. ಅಂದರೆ ಕಾರು ಮೊದಲ ದಿನವೇ ಸರಿಯಾಗಿ ಹೇಳಿತ್ತು. ಕೇಳಿಸಿಕೊಳ್ಳುವವರು ಸಿಗಲಿಲ್ಲ ಅಷ್ಟೆ.

ಮೊದಲು ಹೋದ ಕಡೆ ಬಾನೆಟ್ ತೆಗೆಯಲೇ ಇಲ್ಲ. "ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸ್ತಿಲ್ಲ ನೀವು" ಅಂದರು. ಲಿವರ್ ಬುಡದ ಸ್ವಿಚ್ ಸ್ವಲ್ಪ ಸರಿಸಿ ಕಳಿಸಿದರು. ಆ ಸ್ವಿಚ್ ಜಾಗ ಬಿಟ್ಟರೆ ಇದೇ ಲೈಟ್ ಹತ್ತುತ್ತದೆ, ಅದು ನಿಜ. ಆದರೆ ಸ್ವಿಚ್ ಕೆಟ್ಟಿದ್ದರೆ ಪ್ರತಿ ಸಲವೂ ತಿರುವಿನಲ್ಲೇ ಏಕೆ ಹತ್ತಬೇಕು? ಕೇಳಿದೆ. ಉತ್ತರ ಬರಲಿಲ್ಲ. ಮೂರು ದಿನಕ್ಕೆ ಲೈಟ್ ವಾಪಸ್.

ಎರಡನೆಯ ಕಡೆ ಬಾನೆಟ್ ತೆಗೆದರು. ಆಯಿಲ್ ಕಡಿಮೆ ಇದೆ ಅಂತ ಕಂಡಿತು. ಮೂಲೆಯಲ್ಲಿದ್ದ ಡಬ್ಬ ತಂದರು. ಅದಕ್ಕೆ ಮುಚ್ಚಳ ಇರಲಿಲ್ಲ, ಬಾಯಿಗೆ ಒಂದು ಬಟ್ಟೆ ತುರುಕಿದ್ದರು. ಅದರಿಂದಲೇ ಮ್ಯಾಕ್ಸಿಮಮ್ ಗೆರೆಯವರೆಗೂ ತುಂಬಿಸಿದರು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ ಇದೆ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿಯಾಗುತ್ತದೆ. ಆಮೇಲೆ ಪೆಡಲ್ ಒತ್ತಿದರೂ ಸುಮ್ನೆ ಆವಿ ಕುಗ್ಗುತ್ತದೆ, ಕಾರು ನಿಲ್ಲುವುದಿಲ್ಲ. ಅಂಥ ವಸ್ತುವನ್ನು ಬಾಯಿ ತೆರೆದ ಡಬ್ಬದಲ್ಲಿ ಇಟ್ಟು ಇನ್ನೊಬ್ಬರ ಕಾರಿಗೆ ಸುರಿಯುತ್ತಾರಲ್ಲ, ಇವರಿಗೆ ಏನನ್ನಬೇಕು?

ಅಲ್ಲೂ ಕೇಳಿದೆ. "ಆಯಿಲ್ ಎಲ್ಲಿ ಹೋಯ್ತು?"

"ಪ್ಯಾಡ್ ಸವೆದ ಹಾಗೆ ಇಳಿಯುತ್ತೆ ಸಾರ್, ಮಾಮೂಲಿ."

ಸರಿ, ಇಳಿಯುತ್ತದೆ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗವನ್ನು ಆಯಿಲ್ ತುಂಬುತ್ತದೆ. ಹಾಗಾದರೆ ಪ್ಯಾಡ್ ನೋಡಬೇಕಲ್ವಾ? ಚಕ್ರ ಬಿಚ್ಚಿ ಒಂದು ಸಲ ಬಗ್ಗಿ ನೋಡೋಕೆ ಎಷ್ಟು ಹೊತ್ತು ಬೇಕು? ಬ್ರೇಕ್ ಆಯಿಲ್ ಪೆಟ್ರೋಲ್ ಥರ ಉರಿದು ಖಾಲಿಯಾಗುವ ವಸ್ತುವಲ್ಲ. ಅದು ಮುಚ್ಚಿದ ಪೈಪುಗಳ ಒಳಗೇ ಇರುವಂಥದ್ದು. ಕಡಿಮೆಯಾಗಿದೆ ಅಂದರೆ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಎರಡನ್ನೂ ನೋಡದೆ ಮೇಲಿಂದ ತುಂಬಿಸಿದರೆ ಅದು ರಿಪೇರಿ ಹೇಗಾಗುತ್ತದೆ? ನನ್ನ ಕಾರಿನ ಮುಂದಿನ ಪ್ಯಾಡ್ ಹಾಕಿಸಿ ವರ್ಷವೂ ಆಗಿರಲಿಲ್ಲ. ಅದನ್ನೂ ಹೇಳಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಈ ನಡುವೆ ಪರಿಚಯದವರ ಸಲಹೆ ಬೇರೆ. "ನಂದೂ ಎರಡು ವರ್ಷದಿಂದ ಉರೀತಿದೆ, ಏನೂ ಆಗಿಲ್ಲ, ಆರಾಮಾಗಿರು" ಅಂತ ಒಬ್ಬರು. ಹಳದಿ ಲೈಟ್ ಆದರೆ ಇವತ್ತಲ್ಲ ನಾಳೆ ತೋರಿಸಬಹುದು. ಇದು ಕೆಂಪು. ಕೆಂಪು ಅಂದರೆ ನಿಲ್ಲಿಸಿ ನೋಡು ಅಂತ. ಅದರ ಜೊತೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟೂ ಹತ್ತಿದರೆ ಗಾಡಿ ಓಡಿಸಲೇಬಾರದು. ಇದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ಯಾರೂ ಓದುವುದಿಲ್ಲ.

ಮೂರು ವಾರಕ್ಕೆ ಲೈಟ್ ಮತ್ತೆ ಬಂತು. ಈ ಸಲ ದೊಡ್ಡ ಜಾಗಕ್ಕೇ ಹೋದೆ. ಯೂನಿಫಾರ್ಮ್ ಹಾಕಿದ ಹುಡುಗರು, ಕಂಪ್ಯೂಟರ್, ಕೂರಲು ಎಸಿ ರೂಮು. ಇದು ಮೂರನೆಯ ಸಲ, ಆಯಿಲ್ ಒಂದು ಸಲ ತುಂಬಿಸಿ ಆಗಿದೆ, ಎಲ್ಲೋ ಸೋರುತ್ತಿರಬಹುದು ಅಂತ ಬಾಯಿಬಿಟ್ಟು ಹೇಳಿದೆ. ಬರೆದುಕೊಂಡರು. ಸಂಜೆ ಕರೆದು "ಸೆನ್ಸರ್ ಹೋಗಿತ್ತು ಸಾರ್, ಸರಿ ಮಾಡಿದ್ದೇವೆ" ಅಂದರು. ಲೈಟ್ ಆರಿತ್ತು. ನಂಬಿದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಆಮೇಲೆ ನಾನೇನು ಕಣ್ಣುಮುಚ್ಚಿಕೊಂಡು ಓಡಿಸಲಿಲ್ಲ. ದಿನಾ ಬೆಳಿಗ್ಗೆ ಕೀ ತಿರುಗಿಸಿ ಆ ಲೈಟನ್ನೇ ನೋಡುತ್ತಿದ್ದೆ. ಹತ್ತುತ್ತಿತ್ತು. ಹ್ಯಾಂಡ್ ಬ್ರೇಕ್ ಇಳಿಸಿದರೆ ಆರುತ್ತಿತ್ತು. ಲೈಟ್ ಕೆಲಸ ಮಾಡುತ್ತಿದೆ, ಬ್ರೇಕ್ ಸರಿ ಇದೆ ಅಂದುಕೊಂಡೆ. ಆದರೆ ಒಂದೇ ಲೈಟ್ ಹ್ಯಾಂಡ್ ಬ್ರೇಕಿಗೂ ಅದೇ, ಆಯಿಲ್ ಮಟ್ಟಕ್ಕೂ ಅದೇ. ಆಯಿಲ್ ಕಡೆಯ ಕಪ್ಲರ್ ಕಿತ್ತರೂ ಹ್ಯಾಂಡ್ ಬ್ರೇಕ್ ಕಡೆಯಿಂದ ಅದು ಹತ್ತಿ ಆರುತ್ತಲೇ ಇರುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಿತ್ತವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ನಿನ್ನೆ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಿದ್ದೆ. ಕಾಲ ಕೆಳಗೆ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋಯಿತು. ಜಾಸ್ತಿ ಒತ್ತಿರಲಿಲ್ಲ, ತಾನಾಗಿಯೇ ಇಳಿಯಿತು. ಎದೆ ಧಸಕ್ ಎಂದಿತು. ಬಿಟ್ಟು ಒತ್ತಿದೆ, ಸ್ವಲ್ಪ ಮೇಲೆ ಬಂತು. ಕೈ ನಡುಗುತ್ತಿತ್ತು. ಮನೆ ಹತ್ತಿರವೇ ಇತ್ತು, ಫಸ್ಟ್ ಗೇರಿನಲ್ಲಿ ತೆವಳಿಸಿಕೊಂಡು ಬಂದೆ. ಅದೂ ತಪ್ಪೇ, ಅಲ್ಲೇ ನಿಲ್ಲಿಸಿಬಿಡಬೇಕಿತ್ತು. ಬಾನೆಟ್ ಎತ್ತಿದೆ. ಆಯಿಲ್ ಮಿನಿಮಮ್ ಗೆರೆಗಿಂತ ಎಷ್ಟೋ ಕೆಳಗೆ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಇಲ್ಲ. ಆಗ ಸಿಕ್ಕಿದ್ದು ಆ ಟೇಪ್ ಸುತ್ತಿದ ಕಪ್ಲರ್.

ಆ ದೊಡ್ಡ ಗ್ಯಾರೇಜಿಗೆ ಫೋನ್ ಮಾಡಿದೆ. "ಲೈಟ್ ಹತ್ತುತ್ತೆ ಅಂತ ತಾನೇ ಸಾರ್ ನಿಮ್ಮ ಕಂಪ್ಲೇಂಟ್ ಇದ್ದಿದ್ದು? ಈಗ ಹತ್ತುತ್ತಿಲ್ಲವಲ್ಲ" ಅಂದರು. ನಾನು ಲೈಟ್ ಆರಿಸಿ ಅಂತ ಕೇಳಿರಲಿಲ್ಲ. ಅದು ಯಾಕೆ ಹತ್ತುತ್ತಿದೆ ಅಂತ ಕೇಳಿದ್ದೆ. ಜ್ವರ ಬಂದವನ ಥರ್ಮಾಮೀಟರ್ ಒಡೆದು ಹಾಕಿ ಜ್ವರ ಇಳಿಯಿತು ಅನ್ನುವ ಡಾಕ್ಟರ್ ಹತ್ತಿರ ಯಾರಾದರೂ ಹೋಗುತ್ತಾರಾ?

ಬೆಳಿಗ್ಗೆ ವಯಸ್ಸಾದ ಒಬ್ಬ ಮೆಕ್ಯಾನಿಕ್ ಮನೆಗೇ ಬಂದರು. ಕಾರನ್ನು ಕದಲಿಸಬೇಡಿ ಅಂತ ಫೋನಿನಲ್ಲೇ ಹೇಳಿದ್ದರು. ಬಂದವರು ಲೈಟ್ ಬಗ್ಗೆ ಮಾತೇ ಆಡಲಿಲ್ಲ. ಟಾರ್ಚ್ ಹಿಡಿದು ನಾಲ್ಕೂ ಟೈರಿನ ಒಳಮೈ ನೋಡಿದರು. ಹಿಂದಿನ ಎಡ ಚಕ್ರದ ಒಳಗಡೆ ಒಂದು ಒದ್ದೆ ಕಲೆ ಕೆಳಮುಖವಾಗಿ ಇಳಿದಿತ್ತು. "ಇಲ್ಲಿ ನೋಡಿ ಸಾರ್" ಅಂದರು. ಚಕ್ರ ಬಿಚ್ಚಿ, ಬ್ರೇಕನ್ನು ಮುಚ್ಚಿರುವ ಡ್ರಮ್ ಎಳೆದರು. ಒಳಗೆ ಬ್ರೇಕ್ ಧೂಳೆಲ್ಲ ನೆನೆದು ಕಪ್ಪು ಕೆಸರಾಗಿತ್ತು. ಆಯಿಲಿನ ಒತ್ತಡದಿಂದ ಬ್ರೇಕ್ ತಳ್ಳುವ ವೀಲ್ ಸಿಲಿಂಡರಿನ ಕೊನೆಯ ರಬ್ಬರ್ ಟೋಪಿಯನ್ನು ಸ್ಕ್ರೂ ಡ್ರೈವರ್ ತುದಿಯಿಂದ ಮೆಲ್ಲಗೆ ಎತ್ತಿದರು. ಆಯಿಲ್ ಒಂದು ಗೆರೆಯಾಗಿ ಸುರಿಯಿತು. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಪೂರ್ತಿ ನೆಂದು ಹೊಳೆಯುತ್ತಿತ್ತು. ಆಯಿಲ್ ಕುಡಿದ ಶೂ ಇನ್ನು ಬ್ರೇಕ್ ಹಿಡಿಯುವುದಿಲ್ಲ, ಒರೆಸಿದರೂ ಪ್ರಯೋಜನ ಇಲ್ಲ. ಬಿಸಾಡಬೇಕಾಯಿತು. "ಇದು ಇವತ್ತಿನ ಸೋರಿಕೆ ಅಲ್ಲ ಸಾರ್, ತುಂಬಾ ದಿನದ್ದು."

ಟಾರ್ಚ್ ಹಿಡಿದು ಸೋರಿಕೆ ಕಂಡುಹಿಡಿಯಲು ಅವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಎರಡು ತಿಂಗಳಲ್ಲಿ ಮೂರು ಕಡೆ ಕಾರು ಬಿಟ್ಟಿದ್ದೆ. ಒಬ್ಬರಾದರೂ ಬಗ್ಗಿ ನೋಡಿದ್ದರೆ ಒಂದು ರಬ್ಬರ್ ಸೀಲಿನಲ್ಲಿ ಮುಗಿಯುತ್ತಿತ್ತೇನೋ. ಈಗ ಎರಡೂ ಕಡೆಯ ವೀಲ್ ಸಿಲಿಂಡರ್, ಶೂ, ಪೂರ್ತಿ ಆಯಿಲ್, ಎಲ್ಲ ಹೊಸದು. ಹಳೆ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹೊಸದನ್ನು ಸೀಲ್ ಒಡೆಯದ ಡಬ್ಬದಿಂದ ಹಾಕಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು.

ಕೊನೆಗೆ ಆ ಕಪ್ಲರಿನ ಟೇಪ್ ಬಿಚ್ಚಿ ವಾಪಸ್ ಸಿಕ್ಕಿಸಿದರು. ನೆಲ ಸಮವಾಗಿತ್ತು. ಆದರೂ ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಲು ಹೇಳಿದರು, ಇಲ್ಲದಿದ್ದರೆ ಲೈಟ್ ಮೊದಲೇ ಹತ್ತಿರುತ್ತದೆ, ಏನೂ ಗೊತ್ತಾಗುವುದಿಲ್ಲ. ನಾನು ಒಳಗೆ ಕೂತು, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದೆ. ಅವರು ಡಬ್ಬಿಯ ಮುಚ್ಚಳ ತಿರುಗಿಸಿ ಮೇಲೆತ್ತಿದರು. ಮುಚ್ಚಳಕ್ಕೆ ಅಂಟಿಕೊಂಡಿದ್ದ ತೇಲು ಕೆಳಗೆ ಜಾರಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟ್ ಹತ್ತಿತು. ಮುಚ್ಚಳ ಇಟ್ಟರು, ಆರಿತು. ಇನ್ನೊಮ್ಮೆ ಎತ್ತಿಸಿದೆ. ಮತ್ತೆ ಹತ್ತಿತು.

ಸೆನ್ಸರ್ ಹೋಗಿದೆ ಅಂದಿದ್ದರು. ಒಂದು ದಿನವೂ ಕೆಟ್ಟಿರಲಿಲ್ಲ ಅದು. ಬಿಚ್ಚಿದ ಟೇಪನ್ನು ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗಿ, ಬೇರೆ ಗಿರಾಕಿಗಳು ಕೂತಿರುವಾಗಲೇ, ಅದನ್ನು ಅವರ ಟೇಬಲ್ ಮೇಲೆ ಇಡುತ್ತೇನೆ.