ಗಟ್ಟಿತನಕ್ಕೆ ಅಂಕ ಕೊಡುವ ಮುನ್ನ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಗಳಲ್ಲಿ ಬೆಟ್ಟ ಜರಿದು ಮನೆ, ತೋಟಗಳು ಕೊಚ್ಚಿಹೋದ ಮೇಲೆ ಮತ್ತೆ ಮತ್ತೆ ಕಿವಿಗೆ ಬಿದ್ದ ಮಾತು, ಕೊಡಗಿನವರು ಗಟ್ಟಿ ಜನ ಎಂಬುದು. ಅದನ್ನು ಅಭಿಮಾನದಿಂದಲೇ ಹೇಳುತ್ತಾರೆ. ಆದರೆ ಸಂಕಟವನ್ನು ತಾಳಿಕೊಳ್ಳುವುದು ಬೇರೆ, ಅದನ್ನು ತೋರಗೊಡದಿರುವುದು ಬೇರೆ. ಎರಡನ್ನೂ ಒಂದೇ ಎಂದು ಎಣಿಸಿದರೆ ನೆರವು ಬೇಕಾದವರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಈ ತಾಳಿಕೆಯನ್ನು ಅಳೆಯಲು ಮನಶ್ಶಾಸ್ತ್ರದಲ್ಲಿ ಸೈಮನ್ಸ್ ಮತ್ತು ಗಾಹರ್ 2005ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ವ್ಯಾಪಕ ಬಳಕೆಯಲ್ಲಿದೆ. ಸಂಕಟವನ್ನು ಸಹಿಸಬಲ್ಲೆನೇ, ಬಂದಾಗ ಮನಸ್ಸು ಪೂರ್ತಿ ಅದರಲ್ಲೇ ಮುಳುಗುತ್ತದೆಯೇ, ಅದಕ್ಕಾಗಿ ನಾಚಿಕೊಳ್ಳುತ್ತೇನೆಯೇ, ಅದರಿಂದ ಪಾರಾಗಲು ಏನನ್ನಾದರೂ ಮಾಡುತ್ತೇನೆಯೇ ಎಂದು ನಾಲ್ಕು ಮಗ್ಗುಲಿನಿಂದ ಅದು ಕೇಳುತ್ತದೆ. ಪ್ರತಿ ಉತ್ತರಕ್ಕೆ 1ರಿಂದ 5ರವರೆಗೆ ಅಂಕ. ನಾಚಿಕೆಯನ್ನೂ ತಪ್ಪಿಸಿಕೊಳ್ಳುವ ಧಾವಂತವನ್ನೂ ತಾಳಿಕೆಯ ಕೊರತೆಯೆಂದು ಗುರುತಿಸಿದ್ದು ಈ ಅಳತೆಯ ದೊಡ್ಡ ಗುಣವೆಂದು ನನ್ನ ಭಾವನೆ. ಸತ್ತವರ ನೆನಪಾಗದಿರಲೆಂದು ಬೆಳಗಿನಿಂದ ಕತ್ತಲವರೆಗೆ ತೋಟದಲ್ಲಿ ದುಡಿಯುವವರನ್ನು ನಾವು ಗಟ್ಟಿಗರೆನ್ನುತ್ತೇವೆ, ಪ್ರಶ್ನಾವಳಿ ಹಾಗೆನ್ನುವುದಿಲ್ಲ.

ಆದರೂ ಅದು ಕೇಳಿಸಿಕೊಳ್ಳುವುದು ಮನುಷ್ಯ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದನ್ನಷ್ಟೇ. ಪ್ರಯೋಗಾಲಯದಲ್ಲಿ ಇನ್ನೊಂದು ದಾರಿಯಿದೆ: ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ನಕ್ಷತ್ರದ ಗೆರೆಯ ಮೇಲೆ ಗೆರೆ ಎಳೆಯಲು ಹೇಳಿ, ಬೇಸತ್ತು ಕೈಬಿಡುವವರೆಗಿನ ಸಮಯವನ್ನು ಗುರುತು ಹಾಕಿಕೊಳ್ಳುತ್ತಾರೆ. ಈ ಎರಡು ಬಗೆಯ ಅಳತೆಗಳ ಫಲಿತಾಂಶಗಳು ಒಂದಕ್ಕೊಂದು ಅಷ್ಟಾಗಿ ಹೊಂದುವುದಿಲ್ಲ ಎಂಬುದು ಸಂಶೋಧಕರೇ ಒಪ್ಪಿರುವ ಸಂಗತಿ.

ನಮ್ಮಲ್ಲಂತೂ ಈ ಅಂತರ ಕಣ್ಣಿಗೇ ಕಾಣುತ್ತದೆ. ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ ಕೆಳಗೆ, ತೋಟದ ಕಾರ್ಮಿಕರ ಲೈನ್ ಮನೆಯೊಂದರಲ್ಲಿರುವ, ನನಗೆ ಪರಿಚಯದ ಹಿರಿಯರೊಬ್ಬರು ಹಗಲಿನಲ್ಲಿ ಯಾರು ಕೇಳಿದರೂ "ನಮಗೇನಾಗಿದೆ, ಚೆನ್ನಾಗಿದ್ದೇವೆ" ಎನ್ನುತ್ತಾರೆ. ರಾತ್ರಿ ಮಳೆ ಬಿರುಸಾದರೆ ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಟಾರ್ಚ್ ಹಿಡಿದು ಬಾಗಿಲ ಬಳಿ ಕೂತಿರುತ್ತಾರೆ. ಮೊಮ್ಮಕ್ಕಳಿಗೆ ಎಚ್ಚರವಾದೀತೆಂದು ಕೆಮ್ಮನ್ನೂ ತಡೆದುಕೊಳ್ಳುತ್ತಾರೆ. ಇವರ ತಾಳಿಕೆ ಎಷ್ಟೆಂದು ಯಾವ ಉತ್ತರದಿಂದ ಬರೆದುಕೊಳ್ಳಬೇಕು?

ಅಳೆಯುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಜನವರಿಯಲ್ಲಿ ಕಾಫಿ ಒಣಗಿಸುವ ಕಣದ ಬದಿಯಲ್ಲಿ, ಮನೆಯ ಯಜಮಾನರ ಎದುರಿನಲ್ಲಿ ಕೇಳಿ ಪಡೆದ ಉತ್ತರವನ್ನು ನೆಚ್ಚಬೇಡಿ ಎನ್ನುತ್ತಿದ್ದೇನೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಬನ್ನಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ, ರಾತ್ರಿ ನಿದ್ದೆ ಹೇಗಿದೆ ಎಂದೂ ಕೇಳಿ. ಬಂದ ಅಂಕ ಎಷ್ಟೇ ಹೆಚ್ಚಿರಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟು, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಿಯೇ ಹೊರಡಿ.